ಮೀಟರು ಯಾರಿಗೆ ಲಾಭ?

ಕಾರವಾರ, ಅಂಕೋಲೆಗಳ ನಳಕ್ಕೆ ನೀರು ಬರುವುದು ಗಂಗಾವಳಿ ಹೊಳೆಯಿಂದ, ಹೊನ್ನಳ್ಳಿಯಲ್ಲಿ ಎತ್ತಿ. ಈ ನೀರಿಗೆ ಮೀಟರು ಹಾಕಿಸಿದರೆ ದುಡ್ಡು ಉಳಿದೀತೇ ಎಂದು ಕೇಳುವವರು ಮೊದಲು ತಮ್ಮ ಹಿತ್ತಲ ಬಾವಿ ನೋಡಬೇಕು.

ಬಾವಿಯಿದ್ದ ಮನೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ನಳ ತಿರುಗಿಸುವುದೇ ಅಪರೂಪ. ಮೀನು ತೊಳೆಯಲಿಕ್ಕೂ ಬಟ್ಟೆಗೂ ಬಾವಿ ನೀರೇ. ಅಂಥವರು ವರ್ಷವಿಡೀ ಒಂದೇ ನೀರುಪಟ್ಟಿ ಕಟ್ಟುವುದು ದಂಡ, ಮೀಟರೇ ಲಾಭ. ಕನಿಷ್ಠ ದರ ಎಷ್ಟೆಂದು ಮಾತ್ರ ಮೊದಲೇ ಕೇಳಿಕೊಳ್ಳಲಿ. ನೀರು ಮುಟ್ಟದಿದ್ದರೂ ಅಷ್ಟು ಕಟ್ಟಲೇಬೇಕಲ್ಲ!

ಆದರೆ ಸಮುದ್ರ ದಂಡೆಯ ಬಾವಿ ಬೇಸಿಗೆಯಲ್ಲಿ ಉಪ್ಪಾಯಿತೆಂದರೆ ಲೆಕ್ಕ ತಲೆಕೆಳಗು. ತಲಾ ದಿನಕ್ಕೆ 135 ಲೀಟರೆಂಬ ಸರಕಾರಿ ಅಳತೆಯಂತೆ ಐದು ಜನರ ಮನೆಗೆ ತಿಂಗಳಿಗೆ ಸುಮಾರು 20 ಸಾವಿರ ಲೀಟರು ಬೇಕು. ಒಂದೇ ಮೀಟರಿನ ಕೆಳಗೆ ಮೂರು ಬಾಡಿಗೆ ಬಿಡಾರಗಳಿದ್ದರೆ 60 ಸಾವಿರ. ನೀರು ಹೆಚ್ಚಿದಂತೆ ದರವೂ ಮೆಟ್ಟಿಲೇರುವ ಪದ್ಧತಿಯಲ್ಲಿ, ಹಿತಮಿತವಾಗಿ ಬಳಸುವ ಮೂರು ಬಡ ಸಂಸಾರಗಳು ಸೇರಿ ಬಂಗಲೆಯವರ ದರ ತೆರಬೇಕಾದೀತು. ಇದು ಯಾವ ನ್ಯಾಯ? ಮೀಟರಿನ ಮಾತೆತ್ತುವ ಮೊದಲು ಬಿಡಾರಕ್ಕೊಂದು ಲೆಕ್ಕ ಹಿಡಿಯುವ ಕೆಲಸವನ್ನು ನಗರಸಭೆ, ಪುರಸಭೆಗಳು ಮಾಡಬೇಕು.

ಗಾಳಿಯದೂ ಒಂದು ತಕರಾರಿದೆ. ಬಿಟ್ಟು ಬಿಟ್ಟು ನೀರು ಬರುವ ಕಡೆ ಪೈಪಿನೊಳಗಿನ ಗಾಳಿಯೂ ಮೀಟರು ತಿರುಗಿಸುತ್ತದೆ. ಲೈನಿಗೆ ಏರ್‌ವಾಲ್ವು ಸರಿಯಿಲ್ಲದಿದ್ದರೆ ಜನ ಗಾಳಿಗೂ ದುಡ್ಡು ಕೊಟ್ಟ ಹಾಗೆ.

ಇನ್ನು ಬಿಲ್ಲು ಜಾಸ್ತಿ ಬಂತೆಂದು ಕಚೇರಿಗೆ ಓಡುವವರು ನೀರು ಬರುವ ಹೊತ್ತಿಗೆ ಮನೆಯ ನಳಗಳನ್ನೆಲ್ಲ ಬಂದ್ ಮಾಡಿ, ಟಾಕಿ ತುಂಬಿದ ಮೇಲೆ ಮೀಟರು ನೋಡಲಿ. ಆಗಲೂ ತಿರುಗುತ್ತಿದ್ದರೆ ಸೋರಿಕೆ ಅವರ ಮನೆಯ ಪೈಪಿನಲ್ಲೇ ಇದೆ, ಕರೆಯಬೇಕಾದ್ದು ಪ್ಲಂಬರನನ್ನು.