ಗೆದ್ದವನೂ ಸೋಲದಂತೆ

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬುದು ಹಳೆಯ ಗಾದೆ. ಹೊಲದ ಬದುವಿನ ಜಗಳಕ್ಕೆ ಹೇಳುತ್ತಿದ್ದ ಈ ಮಾತು ಇಂದು ಫ್ಲ್ಯಾಟಿನ ಜಗಳಕ್ಕೂ ಒಪ್ಪುತ್ತದೆ.

ಒಂದು ಉದಾಹರಣೆ ನೋಡೋಣ. ಚನ್ನಗಿರಿಯ ಅಡಿಕೆ ಬೆಳೆಗಾರರೊಬ್ಬರು ಮಗಳ ಓದಿಗೆ ಅನುಕೂಲವಾಗಲೆಂದು ಬೆಂಗಳೂರಿನಲ್ಲಿ ಫ್ಲ್ಯಾಟ್ ಕಾಯ್ದಿರಿಸುತ್ತಾರೆ. ಹೇಳಿದ ದಿನಕ್ಕೆ ಮನೆ ಕೈಸೇರುವುದಿಲ್ಲ. ಅತ್ತ ಬ್ಯಾಂಕಿನ ಕಂತು, ಇತ್ತ ಮಗಳ ಬಾಡಿಗೆ. ಅವರೇನು ಮಾಡಬೇಕು?

ದೂರು ಕೊಡಲು ಬೆಂಗಳೂರಿಗೇ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗವೇ ಸಾಕು. ಹೊನ್ನಾಳಿ, ನ್ಯಾಮತಿ, ಜಗಳೂರಿನವರಿಗೂ ಅದೇ ಬಾಗಿಲು. ಆದರೆ ಎರಡು ವರ್ಷದೊಳಗೆ ದೂರು ಕೊಡಬೇಕು.

ರಾಜಿಗೆ ಅವಕಾಶ ಕಂಡರೆ, ಇಬ್ಬರೂ ಬರವಣಿಗೆಯಲ್ಲಿ ಒಪ್ಪಿದಾಗ, ಆಯೋಗ ಪ್ರಕರಣವನ್ನು ಸಂಧಾನಕ್ಕೆ ಕಳಿಸುತ್ತದೆ. ಸಂಧಾನಕಾರರು ತೀರ್ಪು ಕೊಡುವವರಲ್ಲ. ಮಾತಿಗೆ ದಾರಿ ಮಾಡಿಕೊಡುವವರು. ಅಲ್ಲಿ ಆಡಿದ ಮಾತು ಗುಟ್ಟಾಗಿಯೇ ಉಳಿಯುತ್ತದೆ. ರಾಜಿ ಆಗದಿದ್ದರೆ ದೂರು ಮತ್ತೆ ವಿಚಾರಣೆಗೆ ಬರುತ್ತದೆ. ಕಳೆದುಕೊಳ್ಳುವುದೇನಿದೆ?

ಸುಪ್ರೀಂ ಕೋರ್ಟು 2010ರ ಆಫ್ಕಾನ್ಸ್ ತೀರ್ಪಿನಲ್ಲಿ ರಾಜಿಗೆ ತಕ್ಕ ವ್ಯಾಜ್ಯಗಳನ್ನು ಪಟ್ಟಿ ಮಾಡಿತು. ಕಟ್ಟಡ ನಿರ್ಮಾಪಕರು ಮತ್ತು ಗಿರಾಕಿಗಳ ನಡುವಿನ ವ್ಯಾಜ್ಯವೂ ಅದರಲ್ಲಿದೆ. ಕಾರಣ ಸುಲಭ. ತಂದೆ ‘ಹಣ ವಾಪಸ್ ಕೊಡಿ’ ಎನ್ನುತ್ತಾರೆ. ನಿರ್ಮಾಪಕನ ಕೈಯಲ್ಲಿ ಹಣವಿಲ್ಲ. ನಿಜವಾದ ಕಷ್ಟವೆಂದರೆ ಮಗಳ ಬಾಡಿಗೆ. ಮನೆ ಸಿಗುವವರೆಗೆ ಆ ಬಾಡಿಗೆಯನ್ನು ನಿರ್ಮಾಪಕನೇ ಕಟ್ಟಲಿ ಎಂದರೆ ಗಂಟು ಸಡಿಲವಾಗುತ್ತದೆ.

ಆದರೆ ಎಚ್ಚರ! ‘ಬೇಗ ಮುಗಿಸಿಕೊಡುತ್ತೇವೆ’ ಎಂಬ ಸಾಲಿಗೆ ಸಹಿ ಹಾಕಬೇಡಿ. ಯಾವ ತಾರೀಖು, ತಿಂಗಳಿಗೆ ಎಷ್ಟು, ತಪ್ಪಿದರೆ ಎಷ್ಟು ಬಡ್ಡಿಯೊಂದಿಗೆ ಹಣ ವಾಪಸ್ — ಈ ಮೂರೂ ಕರಾರಿನಲ್ಲಿರಲಿ. ರಾಜಿಯನ್ನು ದಾಖಲಿಸಿ ಆಯೋಗ ಆದೇಶ ಹೊರಡಿಸಿದ ಮೇಲೆ ಅದು ಬರಿಯ ಬಾಯಿಮಾತಲ್ಲ. ಪಾಲಿಸದವರಿಗೆ ಜೈಲುಶಿಕ್ಷೆಯೂ ಆಗಬಹುದು.

ವಕೀಲರ ವೆಚ್ಚದ ಅಂಜಿಕೆಯಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವುಂಟು.

ವಿದ್ಯಾರ್ಥಿಗಳೇ, ಕರಾರುಪತ್ರ ಇಂಗ್ಲಿಷಿನಲ್ಲಿದ್ದರೆ ಸಹಿಗೆ ಮೊದಲು ಅಪ್ಪ ಅಮ್ಮನಿಗೆ ಸಾಲು ಸಾಲಾಗಿ ಓದಿ ಹೇಳಿ. ನಿಮ್ಮ ಓದಿಗೆಂದು ಅವರು ಸುರಿದ ಹಣಕ್ಕೆ ಮೊದಲ ಕಾವಲು ನಿಮ್ಮ ಓದೇ ಆಗಲಿ.