ಹೊಸದು ಬರಲಿ, ಆಮೇಲೆ ಕೊಳ್ಳೋಣ

ಮೂರು ವರ್ಷದ ಹಿಂದಿನ ಮಾತು. ಸಿಇಟಿ ಸೀಟು ಹಂಚಿಕೆ ಆಗಷ್ಟೇ ಮುಗಿದಿತ್ತು. ತಿಪಟೂರು ಕಡೆಯ ನಮ್ಮ ಪರಿಚಯದ ರೈತರೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗಿಗೆ ಬೆಂಗಳೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿತ್ತು. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಲ್ಯಾಪ್‌ಟಾಪಿಗೆಂದು 55 ಸಾವಿರ ರೂಪಾಯಿ ತೆಗೆದಿಟ್ಟಿದ್ದರು. ‘ಯಾವುದು ತಗೊಳ್ಳೋದು, ಯಾವಾಗ ತಗೊಳ್ಳೋದು, ನೀವೇ ಹೇಳಿ ಸಾರ್’ ಎಂದರು.

ಕೇಳಿದವರಿಗೆಲ್ಲ ಸಲಹೆ ಕೊಡುವ ಚಟ ನನ್ನದು. ‘ಈಗಲೇ ಬೇಡ. ದಸರೆಗೆ ರಿಯಾಯಿತಿ ಬರುತ್ತದೆ, ಆಗ ನೋಡೋಣ’ ಎಂದೆ. ದಸರೆಗೆ ಎರಡು ಸಾವಿರ ಇಳಿಯಿತು. ‘ಇನ್ನೂ ಇಳಿಯುತ್ತದೆ, ದೀಪಾವಳಿ ಬರಲಿ’ ಎಂದೆ. ದೀಪಾವಳಿಗೆ ಆ ಮಾದರಿಯೇ ಅಂಗಡಿಯಲ್ಲಿ ಖಾಲಿ. ‘ಹೋಗಲಿ ಬಿಡಿ, ಜನವರಿಯಲ್ಲಿ ಹೊಸ ಚಿಪ್ ಪ್ರಕಟವಾಗುತ್ತದೆ’ ಎಂದೆ. ಪ್ರಕಟವೇನೋ ಆಯಿತು, ಆದರೆ ಅಮೆರಿಕದಲ್ಲಿ. ಆ ಚಿಪ್ ಇದ್ದ ಯಂತ್ರ ನಮ್ಮ ಅಂಗಡಿಗೆ ಬರುವ ಹೊತ್ತಿಗೆ ಬೇಸಿಗೆ, ಬೆಲೆ ಆರು ಸಾವಿರ ಹೆಚ್ಚು.

ಅಷ್ಟರಲ್ಲಿ ಹುಡುಗಿಯ ಮೊದಲ ಸೆಮಿಸ್ಟರ್ ಮುಗಿದಿತ್ತು. ಹಾಸ್ಟೆಲ್ಲಿನಲ್ಲಿ ಜೊತೆಯ ಹುಡುಗಿ ಮಲಗಿದ ಮೇಲೆ, ರಾತ್ರಿ ಹನ್ನೊಂದು ಗಂಟೆಗೆ, ಅವಳ ಲ್ಯಾಪ್‌ಟಾಪ್ ಕೇಳಿ ಪಡೆದು ಸಿ ಪ್ರೋಗ್ರಾಮುಗಳನ್ನು ಅಭ್ಯಾಸ ಮಾಡುತ್ತಿದ್ದಳಂತೆ. ಅಪ್ಪನ ಹತ್ತಿರ ಒಂದು ಮಾತೂ ಹೇಳಿರಲಿಲ್ಲ. ಫಲಿತಾಂಶ ಬಂದಾಗ ಅದೇ ವಿಷಯ ಬ್ಯಾಕ್ ಉಳಿದಿತ್ತು.

ಆ ಯಜಮಾನರು ನನ್ನನ್ನು ಬೈಯಲಿಲ್ಲ. ‘ನಾವೂ ರೇಟು ಬರಲಿ ಅಂತ ಕೊಬ್ಬರೀನ ಕಾಯಿಸ್ತೀವಿ ಸಾರ್. ರೇಟು ಬರದಿದ್ರೂ ಕೊಬ್ಬರಿ ಅಟ್ಟದ ಮೇಲೇ ಇರ್ತದೆ. ಹೋದ ಆರು ತಿಂಗಳು ಎಲ್ಲಿರ್ತದೆ?’ ಎಂದರು. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟು ಕಾಯಿಯನ್ನು ಕೊಬ್ಬರಿ ಮಾಡುವವರಿಗೆ, ಯಾವುದಕ್ಕೆ ಕಾಯಬೇಕು ಯಾವುದಕ್ಕೆ ಕಾಯಬಾರದು ಎಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಹೊಸ ಮಾದರಿಗೆ ಕಾಯುವ ಈ ರೋಗ ನಮ್ಮ ಕಾಲದ್ದಲ್ಲ. ಆಡಂ ಆಸ್ಬೋರ್ನ್ ಎಂಬುವರಿದ್ದರು. ಬಾಲ್ಯವನ್ನು ತಿರುವಣ್ಣಾಮಲೈಯಲ್ಲಿ ಕಳೆದವರು. 2003ರಲ್ಲಿ ತೀರಿಕೊಂಡದ್ದೂ ತಮಿಳುನಾಡಿನ ಕೊಡೈಕೆನಾಲಿನಲ್ಲಿ. 1981ರಲ್ಲಿ ಅವರ ಕಂಪನಿ ಅಮೆರಿಕದಲ್ಲಿ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಕಂಪ್ಯೂಟರ್ ತಂದಿತು. ತೂಕ ಸುಮಾರು 11 ಕೆ.ಜಿ., ಪರದೆ 5 ಅಂಗುಲ, ಬೆಲೆ 1,795 ಡಾಲರ್. ಜನ ಮುಗಿಬಿದ್ದು ಕೊಂಡರು. 1983ರಲ್ಲಿ ಮುಂದಿನ ಮಾದರಿಯ ಸುದ್ದಿ ಅದು ಅಂಗಡಿಗೆ ಬರುವ ಮೊದಲೇ ಹೊರಬಿತ್ತು. ‘ಹೊಸದು ಬರಲಿ’ ಎಂದು ಗಿರಾಕಿಗಳು ಕೈಕಟ್ಟಿ ಕುಳಿತರು. ಅದೇ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿಯಾಯಿತು. ಬೇರೆ ಕಾರಣಗಳೂ ಇದ್ದವೆನ್ನುವವರುಂಟು. ಆದರೂ ಗಿರಾಕಿಗಳು ಹೀಗೆ ಕಾದು ಕುಳಿತು ವ್ಯಾಪಾರ ಕೆಡುವುದಕ್ಕೆ ‘ಆಸ್ಬೋರ್ನ್ ಪರಿಣಾಮ’ ಎಂದೇ ಹೆಸರು ಬಿತ್ತು.

ಹಾಗಾದರೆ ಕಾಯುವುದೇ ತಪ್ಪೇ? ಅಲ್ಲ. 2020ರ ಮಾರ್ಚಿನಲ್ಲಿ ಆಪಲ್ ಕಂಪನಿ ಇಂಟೆಲ್ ಚಿಪ್ ಇದ್ದ ಮ್ಯಾಕ್‌ಬುಕ್ ಏರ್ ಬಿಡುಗಡೆ ಮಾಡಿತು. ಜೂನ್ ತಿಂಗಳಲ್ಲಿ ತನ್ನದೇ ಚಿಪ್ಪಿಗೆ ಬದಲಾಗುವುದಾಗಿಯೂ, ಅಂಥ ಮೊದಲ ಯಂತ್ರ ಆ ವರ್ಷದ ಕೊನೆಯೊಳಗೆ ಬರುವುದಾಗಿಯೂ ಬಹಿರಂಗವಾಗಿ ಸಾರಿತು. ನವೆಂಬರಿನಲ್ಲಿ ಎಂ1 ಚಿಪ್ಪಿನ ಯಂತ್ರಗಳು ಬಂದವು. ವೇಗದಲ್ಲೂ ಬ್ಯಾಟರಿಯಲ್ಲೂ ಹಳೆಯದಕ್ಕೂ ಹೊಸದಕ್ಕೂ ಅಜಗಜಾಂತರ. ಜೂನ್‌ನಲ್ಲಿ ಸುದ್ದಿ ಓದಿ, ತುರ್ತಿಲ್ಲದೆ ಕಾದವರು ಗೆದ್ದರು. ಅವರ ಬಳಿ ಇದ್ದದ್ದು ಗಾಳಿಸುದ್ದಿಯಲ್ಲ. ಕಂಪನಿಯೇ ಕೊಟ್ಟ ವಾಯಿದೆ.

ಅದೇ ಕಂಪನಿ 2024ರ ಅಕ್ಟೋಬರ್ ಕೊನೆಗೆ, ಮ್ಯಾಕ್‌ಬುಕ್ ಏರ್‌ನ ಆರಂಭದ ಮಾದರಿಯ ಮೆಮೊರಿಯನ್ನು 8ರಿಂದ 16 ಜಿಬಿಗೆ ಏರಿಸಿತು, ಅದೂ ಮೊದಲಿನ ಬೆಲೆಗೇ. ಅದರ ಹಿಂದಿನ ವಾರ ಕೊಂಡವರು ಹಣೆ ಚಚ್ಚಿಕೊಂಡಿರಬೇಕು. ಆದರೆ ಇದನ್ನು ಯಾವ ಪಂಚಾಂಗವೂ ಮುಂಚೆ ಹೇಳಿರಲಿಲ್ಲ. ಏರ್ ಮಾದರಿಗಳನ್ನೇ ನೋಡಿ: ಎಂ2 ಮಾರಾಟಕ್ಕೆ ಬಂದದ್ದು 2022ರ ಜುಲೈನಲ್ಲಿ, ಎಂ3 2024ರ ಮಾರ್ಚಿನಲ್ಲಿ, ಎಂ4 2025ರ ಮಾರ್ಚಿನಲ್ಲಿ. ಒಮ್ಮೆ ಇಪ್ಪತ್ತು ತಿಂಗಳ ಅಂತರ, ಇನ್ನೊಮ್ಮೆ ಹನ್ನೆರಡೇ ತಿಂಗಳು. ಹೀಗಿದ್ದ ಮೇಲೆ ತಿಂಗಳು ಲೆಕ್ಕ ಹಾಕಿ ಮುಹೂರ್ತ ಇಡುವುದು ಹೇಗೆ?

ಕಾದರೆ ಬೆಲೆ ಇಳಿದೇ ಇಳಿಯುತ್ತದೆ ಎಂಬ ನಂಬಿಕೆಯೂ ಗಟ್ಟಿಯಲ್ಲ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಟಿ.ವಿ., ಏ.ಸಿ.ಗಳ ತೆರಿಗೆ ಇಳಿಯಿತು, ಲ್ಯಾಪ್‌ಟಾಪಿನದು ಶೇ 18ರಲ್ಲೇ ಉಳಿಯಿತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಡೇಟಾ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡದ್ದರಿಂದ ಅವುಗಳ ಬೆಲೆ ಜಗತ್ತಿನಾದ್ಯಂತ ಏರಿತು. ಆಗ ‘ಮುಂದಿನ ವರ್ಷ ಅಗ್ಗವಾಗುತ್ತದೆ’ ಎಂದು ಕಾದವರ ಲೆಕ್ಕ ತಲೆಕೆಳಗಾಯಿತು.

ಪೆಟ್ಟು ತಿಂದ ಮೇಲೆ ನಾನು ಕಲಿತ ಲೆಕ್ಕ ಇಷ್ಟೇ. ಕಂಪನಿಯ ಬಿಡುಗಡೆ ದಿನದಿಂದ ಎಣಿಸಬೇಡಿ, ನಿಮ್ಮ ಕೆಲಸ ಶುರುವಾಗುವ ದಿನದಿಂದ ಎಣಿಸಿ.

ಮೊದಲು ಕಾಲೇಜಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಹಿರಿಯ ವಿದ್ಯಾರ್ಥಿಗಳಲ್ಲಿ ವಿಚಾರಿಸಿ: ಮೊದಲ ಸೆಮಿಸ್ಟರಿಗೇ ಲ್ಯಾಪ್‌ಟಾಪ್ ಬೇಕೇ? ಕಾಲೇಜಿನ ಲ್ಯಾಬಿನಲ್ಲೇ ಕೆಲಸ ಆಗುತ್ತದೆ ಎಂದರೆ ಆರಾಮವಾಗಿ ಕಾಯಿರಿ. ಬೇಡದ ವಸ್ತುವಿಗೆ ಕಾಯುವುದರಲ್ಲಿ ನಷ್ಟವಿಲ್ಲ. ಬೇಕೇ ಬೇಕು ಎಂದಾದರೆ ತರಗತಿ ಶುರುವಾಗುವ ಹದಿನೈದು ದಿನ ಮೊದಲೇ ಕೊಳ್ಳಿ. ಯಂತ್ರದಲ್ಲಿ ದೋಷವಿದ್ದರೆ ಬದಲಿಸಿಕೊಳ್ಳಲು ಅಷ್ಟು ಸಮಯ ಬೇಕು.

ಎರಡನೆಯದು, ಹೊಸ ಮಾದರಿ ಬಂದದ್ದರ ಲಾಭ ಹಳೆಯದನ್ನು ಕೊಳ್ಳುವವರಿಗೂ ಇದೆ. ಹೊಸದು ಅಂಗಡಿಗೆ ಬಂದ ವಾರಗಳಲ್ಲಿ, ಹೋಗುತ್ತಿರುವ ಮಾದರಿಯನ್ನು ಅಂಗಡಿಯವರು ಇಳಿಸಿ ಮಾರುವುದುಂಟು. ಬಿಎ, ಬಿಕಾಂ ಮಕ್ಕಳಿಗೂ ಬಹುಪಾಲು ಎಂಜಿನಿಯರಿಂಗ್ ಮಕ್ಕಳಿಗೂ ಒಂದು ವರ್ಷ ಹಳೆಯ ಚಿಪ್ ಧಾರಾಳ ಸಾಕು. ಉಳಿದ ದುಡ್ಡನ್ನು ಮೆಮೊರಿಗೆ ಹಾಕಿ. ಪ್ರೋಗ್ರಾಂ ಬರೆಯುವವರು 16 ಜಿಬಿ ಇರುವುದನ್ನೇ ನೋಡಿ. 8 ಜಿಬಿಯದ್ದಾದರೆ ಮುಂದೆ ಸೇರಿಸಲು ಜಾಗವಿದೆಯೇ ಎಂದು ಕೇಳಿ. ಎಷ್ಟೋ ತೆಳು ಯಂತ್ರಗಳಲ್ಲಿ ಮೆಮೊರಿಯನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ.

ಅಗ್ಗವೆಂದು ತೀರಾ ಹಳೆಯದಕ್ಕೆ ಕೈಹಾಕಬೇಡಿ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಆ ಯಂತ್ರ ವಿಂಡೋಸ್ 11ಕ್ಕೆ ಒಗ್ಗುತ್ತದೆಯೇ ಎಂದು ಮೊದಲು ನೋಡಬೇಕು.

ಕೊನೆಯದು ಮನಸ್ಸಿನ ಮಾತು. ಕೊಂಡ ಮೇಲೆ ಬೆಲೆ ನೋಡುವುದನ್ನು ಬಿಟ್ಟುಬಿಡಿ. ನೀವು ಕೊಂಡ ಮರುವಾರವೇ ಎರಡು ಸಾವಿರ ಇಳಿಯಬಹುದು. ಇಳಿಯಲಿ. ಅಪ್ಪ ಅಮ್ಮ ಮಕ್ಕಳೆದುರು ‘ಛೆ, ಮೋಸಹೋದೆವು’ ಎಂದು ಹಲುಬಿದರೆ, ಆ ಯಂತ್ರ ತೆರೆದಾಗಲೆಲ್ಲ ಮಗುವಿಗೆ ಅದೇ ಮಾತು ನೆನಪಾಗುತ್ತದೆ.

ಅಂದ ಹಾಗೆ, ಆ ಹುಡುಗಿ ಮುಂದಿನ ಪರೀಕ್ಷೆಯಲ್ಲೇ ಬ್ಯಾಕ್ ತೀರಿಸಿಕೊಂಡಳು. ಈ ಸಲ ಅವಳ ತಮ್ಮನಿಗೆ ಸೀಟು ಸಿಕ್ಕಿದೆ. ಅಕ್ಕನೇ ಅವನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಅರ್ಧ ದಿನದಲ್ಲಿ ಆರಿಸಿ, ಕೊಡಿಸಿಕೊಂಡು ಬಂದಳಂತೆ. ಸಂಜೆ ಅವರಪ್ಪ ಫೋನ್ ಮಾಡಿದರು. ‘ತಗೊಂಡ್ಬಿಟ್ವಿ ಸಾರ್. ಕೇಳಿದ್ರೆ ನೀವು ದಸರೆವರೆಗೆ ಕಾಯಿರಿ ಅಂತೀರಿ ಅಂತ ಮಗಳು ನಿಮ್ಮನ್ನ ಕೇಳೋಕೇ ಬಿಡಲಿಲ್ಲ!’

ಒಳ್ಳೆಯ ಕೆಲಸ ಮಾಡಿದಳು ಎಂದೆ.