ಅನುಮತಿಯಿದೆ, ಕಾಯಿದೆಯೆಲ್ಲಿ?

2023ರ ಜನವರಿ 3ರಂದು ಕುವೈತ್ ವಿಶ್ವವಿದ್ಯಾಲಯದ ಕುವೈತ್‌ಸ್ಯಾಟ್-1 ಉಪಗ್ರಹವನ್ನು ಹೊತ್ತ ಫಾಲ್ಕನ್-9 ರಾಕೆಟ್ಟು ಫ್ಲಾರಿಡಾದಿಂದ ಏರಿತು. ಅಮೆರಿಕದಲ್ಲಿ ವಾಣಿಜ್ಯ ಉಡಾವಣೆಗೆ 1984ರಿಂದಲೇ ಕಾಯಿದೆಯಿದೆ. ಅನ್ಯರಿಗಾಗುವ ಹಾನಿಗೆ ವಿಮೆಯನ್ನೋ ಹಣದ ಭದ್ರತೆಯನ್ನೋ ತೋರಿಸದವರಿಗೆ ಪರವಾನಗಿ ಸಿಗದು.

ಇಸ್ರೋದ ತವರು ಬೆಂಗಳೂರೆಂದು ರಿಗ್ಗೈಯಲ್ಲಿ ಕುಳಿತು ಹೆಮ್ಮೆಪಡುವ ನಾವು ನಮ್ಮ ದೇಶದ ಸ್ಥಿತಿಯನ್ನೂ ನೋಡಬೇಕು. 2022ರಲ್ಲಿ ಸ್ಕೈರೂಟ್, 2024ರಲ್ಲಿ ಅಗ್ನಿಕುಲ್ ಶ್ರೀಹರಿಕೋಟೆಯಿಂದ ರಾಕೆಟ್ ಹಾರಿಸಿದವು. ಇನ್‌-ಸ್ಪೇಸ್ ಅನುಮತಿಯಿತ್ತಿತು, ಆದರೆ ಸಂಸತ್ತಿನ ಕಾಯಿದೆಯ ಬಲದಿಂದಲ್ಲ. 2017ರ ಕರಡು ಮಸೂದೆ ಕರಡಾಗಿಯೇ ಉಳಿಯಿತು.

1972ರ ಅಂತರರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದದಂತೆ ಖಾಸಗಿ ರಾಕೆಟ್ಟು ಪರದೇಶದ ನೆಲದಲ್ಲಿ ಹಾನಿ ಮಾಡಿದರೂ ಪರಿಹಾರ ತೆರಬೇಕಾದದ್ದು ಸರಕಾರ. ಸ್ವದೇಶದ ಪ್ರಜೆಗೆ ಆ ಒಪ್ಪಂದ ಅನ್ವಯಿಸದು. ಪುಲಿಕಾಟಿನ ಮೀನುಗಾರನ ದೋಣಿ ಒಡೆದರೆ ಅವನು ಯಾರ ಬಾಗಿಲು ತಟ್ಟಬೇಕು? ನಿಯಮ ಬಂದರೆ ಉದ್ಯಮ ಕುಗ್ಗುತ್ತದೆಂಬ ವಾದವನ್ನು ನಾವು ಒಪ್ಪೆವು. ಫಾಲ್ಕನ್ ಕುಗ್ಗಿತೇ?